ಪದಚರ್ಚೆ: ದೇವರು ‘ನೆಲೆಸಿದ’ನೋ, ‘ಬೀಡುಬಿಟ್ಟ’ನೋ?

ಎಲ್ಲರಿಗೂ ನಮಸ್ಕಾರ. ಕೊಡಗಿನ ಅಮ್ಮತ್ತಿ ಕಡೆಯ ನಮ್ಮ ಬೈಬಲ್ ಓದಿನ ಗುಂಪಿಗೆ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಒಂದು ಕ್ರಿಯಾಪದ ಬಗೆಹರಿಯುತ್ತಿಲ್ಲ.

ವಿಮೋಚನಕಾಂಡ 25:8ರಲ್ಲಿ ದೇವರು ಮೋಶೆಗೆ ಹೇಳುವುದು ಇಷ್ಟೇ: ಜನ ನನಗೊಂದು ಪವಿತ್ರ ಸ್ಥಳ ಮಾಡಲಿ, ನಾನು ಅವರ ನಡುವೆ ಇರುತ್ತೇನೆ. ‘ಅದರಲ್ಲಿ’ ಅಂದಿಲ್ಲ, ‘ಅವರ ನಡುವೆ’ ಅಂದಿದ್ದಾನೆ. ಅಲ್ಲಿರುವ ಹೀಬ್ರೂ ಕ್ರಿಯಾಪದ ‘ಶಾಕನ್’, ಆ ಪವಿತ್ರ ಸ್ಥಳವಾಗಿ ಹೂಡಿದ ಗುಡಾರಕ್ಕೆ ‘ಮಿಶ್ಕಾನ್’ ಅನ್ನುವುದೂ ಅದರಿಂದಲೇ. ಯೇಸು ಮನುಷ್ಯನಾಗಿ ನಮ್ಮ ನಡುವೆ ಇದ್ದ ಅನ್ನುವ ಯೋಹಾನ 1:14ರ ಗ್ರೀಕ್ ಕ್ರಿಯಾಪದದೊಳಗಂತೂ ಡೇರೆ ಅನ್ನುವ ಪದವೇ ಇದೆ. ನಮ್ಮ ಕನ್ನಡ ಬೈಬಲಿನಲ್ಲಿ ‘ವಾಸಮಾಡಿದನು’. ಅರ್ಥ ಸರಿ, ಆದರೆ ಡೇರೆ ಹೋಯಿತು. ವಾಸ ಅಂದ ಕೂಡಲೇ ನನಗಂತೂ ತಾಲ್ಲೂಕು ಕಚೇರಿಯ ವಾಸಸ್ಥಳ ದೃಢೀಕರಣ ಪತ್ರವೇ ಕಣ್ಣಿಗೆ ಬರುತ್ತದೆ.

‘ನೆಲೆಸು’ ಕೇಳಲು ಚೆನ್ನಾಗಿದೆ. ಆದರೆ ನೆಲೆಸಿದ ದೇವರು ಆ ಜಾಗದ ದೇವರಾಗುತ್ತಾನೆ, ಜನ ಅಲ್ಲಿಗೆ ಹೋಗಬೇಕು. ಕೊಡವರ ದೇವರು ಇಗ್ಗುತ್ತಪ್ಪ ಮಲಯಾಳದ ಕಡೆಯಿಂದ ಬಂದವನು ಅಂತ ಕಥೆ ಇದ್ದರೂ, ಈಗ ಕಕ್ಕಬ್ಬೆಯ ಪಾಡಿಯಲ್ಲಿ ನೆಲೆಸಿದ್ದಾನೆ ಅಂತಲೇ ಎಲ್ಲರೂ ಹೇಳುವುದು. ವಿಮೋಚನಕಾಂಡದ್ದು ಹಾಗಲ್ಲ. ಆಡುಕೂದಲಿನ 11 ಪರದೆ, ಒಂದೊಂದೂ 30 ಮೊಳ ಉದ್ದ, 4 ಮೊಳ ಅಗಲ, ಅದರ ಮೇಲೆ ಕೆಂಪು ಬಣ್ಣ ಹಾಕಿದ ಟಗರಿನ ತೊಗಲು. ದೇವರು ಅಲ್ಲಿದ್ದಾನೆ ಅನ್ನುವುದರ ಗುರುತಾದ ಮೋಡ ಮೇಲೆದ್ದರೆ ಇದನ್ನೆಲ್ಲ ಬಿಚ್ಚಿ ಹೊರಡಬೇಕು, ಅದು ನಿಂತಲ್ಲಿ ಮತ್ತೆ ಹೂಡಬೇಕು, ಸುತ್ತ ನಾಲ್ಕೂ ದಿಕ್ಕಿಗೆ ಮೂರು ಮೂರು ಕುಲದವರ ಡೇರೆ. ಮುಂದೆ ರಾಜ ದಾವೀದ, ನಾನು ದೇವದಾರು ಮರದ ಮನೆಯಲ್ಲಿದ್ದೇನೆ, ದೇವರಿಗೂ ಒಂದು ಮನೆ ಬೇಡವೇ ಅಂದಾಗ ಬಂದ ಉತ್ತರ, ನಾನು ಯಾವತ್ತು ಮನೆ ಕೇಳಿದ್ದೆ, ಗುಡಾರದಲ್ಲೇ ನಿಮ್ಮ ಜೊತೆ ಓಡಾಡಿಕೊಂಡಿದ್ದೆನಲ್ಲ, ಅನ್ನುವ ಧಾಟಿಯದ್ದು (2 ಸಮುವೇಲ 7).

ಹಾಗಾಗಿ ‘ಬೀಡುಬಿಟ್ಟನು’ ಅಂತ ಹಾಕಿದೆ. ಹಳೆಯ ಪದ, ದಂಡು ಬೀಡುಬಿಡುತ್ತಿತ್ತು. ತೊಂದರೆ ಏನಂದ್ರೆ ಕೊಡಗಿನಲ್ಲಿ ಈಗ ಬೀಡುಬಿಡುವುದು ಕಾಡಾನೆ ಮಾತ್ರ. ‘ತೋಟದಲ್ಲಿ ಕಾಡಾನೆ ಹಿಂಡು ಬೀಡುಬಿಟ್ಟಿದೆ, ಕಾರ್ಮಿಕರು ಎಚ್ಚರ’ ಅಂತ ವಾಟ್ಸಾಪಿನಲ್ಲಿ ಬರುತ್ತಲೇ ಇರುತ್ತದೆ. ಗುಂಪಿನಲ್ಲಿ ಓದಿದಾಗ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಆಂಟಿಯೊಬ್ಬರು, “ಹಂಗಾದ್ರೆ ಓಡ್ಸೋಕೆ ಫಾರೆಸ್ಟ್‌ನವ್ರು ಬರಲ್ವಾ?” ಅಂದರು. ಅಲ್ಲಿಗೆ ಓದು ಮುಗಿಯಿತು, ಎಲ್ಲರೂ ನಗುತ್ತಾ ಕೂತರು.

ಆಮೇಲೆ ಯೋಚಿಸಿದರೆ ಆನೆಯ ವಾಸನೆ ಪೂರ್ತಿ ಬೇಡದ್ದೇನೂ ಅಲ್ಲ. ಮೋಡ ಗುಡಾರದ ಮೇಲೆ ಇಳಿದಾಗ ಮೋಶೆಗೇ ಒಳಗೆ ಕಾಲಿಡಲು ಆಗಲಿಲ್ಲ (ವಿಮೋಚನಕಾಂಡ 40:35). ಗುಡಾರದ ಸೇವೆಗೆ ನೇಮಿಸಿದ ಲೇವಿ ಕುಲದವರಲ್ಲದೆ ಬೇರೆಯವರು ಹತ್ತಿರ ಬಂದರೆ ಮರಣದಂಡನೆ. ಪಕ್ಕದಲ್ಲೇ ಇದ್ದಾನೆ, ಆದರೆ ಸುಮ್ನೆ ಹೋಗಿ ಮುಟ್ಟುವ ಹಾಗಿಲ್ಲ. ಆ ಭಯ ‘ವಾಸಮಾಡು’ವಿನಲ್ಲೂ ಇಲ್ಲ, ‘ನೆಲೆಸು’ವಿನಲ್ಲೂ ಇಲ್ಲ. ‘ಬೀಡುಬಿಡು’ವಿನಲ್ಲಿ ಭಯ ಇದೆ, ಆದರೆ ಬೇಕಾದವನು ಬಂದ ಅನ್ನುವ ಖುಷಿ ಇಲ್ಲ. ನನ್ನ ತಕರಾರು ಅಷ್ಟೇ.

‘ಬಿಡಾರ ಹೂಡಿದನು’ ಅನ್ನಬಹುದಾ? ಕಾಫಿ ಕೊಯ್ಲಿಗೆ ಹೊರಗಿನಿಂದ ಬಂದವರು ಟಾರ್ಪಾಲು ಕಟ್ಟಿಕೊಂಡು ಇರುವುದೂ ಬಿಡಾರವೇ, ಯೋಹಾನನ ಮಾತಿಗೆ ಆ ಬಡತನ ಒಪ್ಪುತ್ತದೆ. ಆದರೆ ಕೊಯ್ಲು ಮುಗಿದರೆ ಬಿಡಾರ ಎತ್ತುತ್ತಾರೆ. ಪ್ರಕಟನೆ 21:3ರಲ್ಲಿ ಗ್ರೀಕಿನ ಅದೇ ಡೇರೆ ಪದ ಇನ್ನು ಬಿಟ್ಟುಹೋಗದ ದೇವರಿಗೆ ಬರುತ್ತದೆ. ಅಲ್ಲಿ ಬಿಡಾರ ಸಾಲದು. (ದುಬಾರೆಯ ‘ಆನೆ ಬಿಡಾರ’ ನೆನಪಿಸಬೇಡಿ, ದಯವಿಟ್ಟು.)

ತುಳುನಾಡಿನವರಿಗೆ ವಿಶೇಷವಾಗಿ ಕೇಳುತ್ತಿದ್ದೇನೆ. ನಿಮ್ಮಲ್ಲಿ ‘ಬೀಡು’ ಅಂದರೆ ದೊಡ್ಡ ಮನೆತನದ ಮನೆ, ಧರ್ಮಸ್ಥಳದ ಕಥೆಯಲ್ಲಿ ದೈವಗಳು ಬಂದದ್ದೂ ನೆಲ್ಯಾಡಿ ಬೀಡಿಗೆ. ‘ಬೀಡುಬಿಡು’ ಕೇಳಿದರೆ ಆ ಗೌರವ ನಿಮ್ಮ ಕಿವಿಗೆ ಬೀಳುತ್ತದಾ, ಇಲ್ಲ ಅಲ್ಲೂ ಆನೆಯೇನಾ? ಬಯಲುಸೀಮೆಯವರು ಕುರಿಗಾಹಿಗಳ ಬಾಯಲ್ಲಿ ಇದಕ್ಕೆ ಬೇರೆ ಪದ ಕೇಳಿದ್ದರೆ ವಾಕ್ಯ ಸಮೇತ ಬರೆಯಿರಿ. ಅದೇ ಯೋಹಾನ 1:14ರಲ್ಲಿರುವ ‘ನರಾವತಾರ’ದ ತಂಟೆಗೆ ಮಾತ್ರ ಈಗ ಬೇಡ, ಅದಕ್ಕೆ ಇನ್ನೊಂದು ವಾರ ಜಗಳ ಆಡೋಣ.