‘ದುರಾಡಳಿತ’: ಲೋಕಾಯುಕ್ತಕ್ಕೆ ಬರೆಯುವ ದೂರಿನಲ್ಲಿ ಈ ಪದ ಸಲ್ಲುತ್ತದೆಯೇ?

ಪ್ರಶ್ನೆ: ಪುರಸಭೆಯಲ್ಲಿ ಖಾತೆ ಬದಲಾವಣೆಯ ಅರ್ಜಿ ತಿಂಗಳುಗಟ್ಟಲೆ ಕೊಳೆಯುತ್ತಿದ್ದರೆ ಅದನ್ನು ‘ದುರಾಡಳಿತ’ ಎನ್ನಬಹುದೇ? ಯಾರೂ ಲಂಚ ಕೇಳಿಲ್ಲ. ಪತ್ರಿಕೆಗಳಲ್ಲಿ ಈ ಪದ ಇಡೀ ಸರ್ಕಾರವನ್ನು ಟೀಕಿಸುವಾಗ ಬರುತ್ತದೆ. ‘ಆಪಾದನೆ’, ‘ಕುಂದುಕೊರತೆ’ಗಳಲ್ಲಿ ಯಾವುದನ್ನು ಬಳಸಬೇಕು?

ಉತ್ತರ: ಧಾರಾಳವಾಗಿ ಬಳಸಬಹುದು. ದುರಾಸೆ, ದುರಾಚಾರ, ದುರುದ್ದೇಶಗಳ ಸಾಲಿನಲ್ಲಿ ಕೇಳಿ ಕೇಳಿ ‘ದುರ್’ ಎಂದರೆ ಕೆಟ್ಟ ಮನಸ್ಸು ಇರಲೇಬೇಕು ಅನ್ನಿಸುತ್ತದೆ. ಕರ್ನಾಟಕ ಲೋಕಾಯುಕ್ತ ಕಾಯ್ದೆಯ (1984) 2ನೇ ಪ್ರಕರಣ (ಸೆಕ್ಷನ್) ಕೊಡುವ ಅರ್ಥ ಬೇರೆ. ಆಡಳಿತದ ಕ್ರಮವಾಗಲಿ ಪದ್ಧತಿಯಾಗಲಿ ವಿವೇಚನೆಯಿಲ್ಲದ್ದು, ಅನ್ಯಾಯದ್ದು, ದಬ್ಬಾಳಿಕೆಯದು, ತಾರತಮ್ಯದ್ದು ಆಗಿದ್ದರೆ ಅದು ದುರಾಡಳಿತ. ಬೇಕೆಂದೇ ಮಾಡಿದ ನಿರ್ಲಕ್ಷ್ಯ, ಅನುಚಿತ ವಿಳಂಬಗಳೂ ಅದರಲ್ಲಿ ಸೇರುತ್ತವೆ. ಹಣ ಕೈ ಬದಲಾಗಬೇಕಿಲ್ಲ.

ಆ ದುರಾಡಳಿತದಿಂದ ನನಗೆ ಅನ್ಯಾಯವಾಯಿತು, ತೊಂದರೆಯಾಯಿತು ಎಂಬ ಅಹವಾಲು ‘ಕುಂದುಕೊರತೆ’. ಅಧಿಕಾರಿ ಸ್ವಂತ ಲಾಭಕ್ಕೆ ಅಧಿಕಾರ ಬಳಸಿದ, ಸ್ವಜನಪಕ್ಷಪಾತ ಮಾಡಿದ, ಭ್ರಷ್ಟನಾದ ಎಂದರೆ ‘ಆಪಾದನೆ’. ಇದು ಬರಿಯ ಪದದ ಚೌಕಾಸಿಯಲ್ಲ. 8ನೇ ಪ್ರಕರಣದ ಪ್ರಕಾರ ಕುಂದುಕೊರತೆಯ ದೂರಿಗೆ ವಿಷಯ ನಿಮಗೆ ತಿಳಿದ ದಿನದಿಂದ 6 ತಿಂಗಳು ಗಡುವು. ಆಪಾದನೆಗೆ ಕೃತ್ಯ ನಡೆದ ದಿನದಿಂದ 5 ವರ್ಷ. ಗಡುವು ಉದ್ದವಿದೆಯೆಂದು ವಿಳಂಬಕ್ಕೆ ‘ಆಪಾದನೆ’ ಎಂಬ ಹೆಸರು ಕೊಟ್ಟರೆ, ಲಾಭವನ್ನೋ ದುರುದ್ದೇಶವನ್ನೋ ತೋರಿಸುವ ಹೊರೆ ನಿಮ್ಮ ತಲೆಗೇ ಬರುತ್ತದೆ.

ಹಾಗಾಗಿ ‘ದುರಾಡಳಿತ ನಡೆದಿದೆ’ ಎಂದಷ್ಟೇ ಬರೆದು ನಿಲ್ಲಿಸಬೇಡಿ. ಅರ್ಜಿ ಕೊಟ್ಟ ದಿನ, ಟಪಾಲಿನ ಇನ್‌ವರ್ಡ್ ಸಂಖ್ಯೆ, ‘ಸಕಾಲ’ದಲ್ಲಿ (ನಿಗದಿತ ದಿನಗಳೊಳಗೆ ಸೇವೆ ಕೊಡಬೇಕಾದ ಸರ್ಕಾರಿ ಯೋಜನೆ) ಅರ್ಜಿಗೆ ಸಿಗುವ ಜಿಎಸ್‌ಸಿ ಸಂಖ್ಯೆ, ನಿಗದಿತ ದಿನ ಮುಗಿದ ತಾರೀಖು ಬರೆದು, ‘ಇದು ಅನುಚಿತ ವಿಳಂಬ’ ಎನ್ನಿ. ‘ಸಕಾಲ’ ಯೋಜನೆಯಲ್ಲಿ ಮೇಲ್ಮನವಿಯ ದಾರಿ ಇದ್ದೂ ನೀವು ಹೋಗದಿದ್ದರೆ ಕುಂದುಕೊರತೆ ಅಲ್ಲೇ ತಡೆದು ನಿಲ್ಲಬಹುದು. ಮೇಲ್ಮನವಿ ಹಾಕಿದ್ದರೆ ಅದರ ಪ್ರತಿಯನ್ನೂ ಲಗತ್ತಿಸಿ.

ಇನ್ನೊಂದು ಉತ್ತರ: ಮೇಲಿನದಕ್ಕೆ ಎರಡು ಪದ ಸೇರಿಸುತ್ತೇನೆ. ದೂರು ನಮೂನೆ 1ರಲ್ಲಿ, ಜೊತೆಗೆ ನಮೂನೆ 2ರಲ್ಲಿ ‘ಪ್ರಮಾಣಪತ್ರ’. ಕನ್ನಡದಲ್ಲಿ ಜಾತಿ, ಆದಾಯದ ಸರ್ಟಿಫಿಕೇಟೂ ಪ್ರಮಾಣಪತ್ರವೇ ಆದ್ದರಿಂದ ಹಲವರು ಯಾವುದೋ ಕಚೇರಿಯ ಪತ್ರ ಲಗತ್ತಿಸುತ್ತಾರೆ. ಇಲ್ಲಿ ಬೇಕಿರುವುದು ನೋಟರಿಯ ಮುಂದೆ ಪ್ರಮಾಣ ಮಾಡಿ ಸಹಿ ಹಾಕಿದ ಅಫಿಡವಿಟ್. ‘ಶಪಥಪತ್ರ’ ಎಂದರೆ ಗೊಂದಲವೇ ಇರದು, ಆ ಪದವೇ ಹೆಚ್ಚು ಬಳಕೆಗೆ ಬರಲಿ ಎಂದು ನನ್ನ ಆಸೆ.

ಕೋರಿಕೆಯಲ್ಲಿ ‘ಖಾತೆ ಮಾಡಿಕೊಡಲು ಆದೇಶಿಸಬೇಕು’ ಎಂದು ಬರೆಯುವುದೂ ತಪ್ಪು. ಕುಂದುಕೊರತೆ ನಿಜವೆಂದು ಕಂಡರೆ ಲೋಕಾಯುಕ್ತರು ಅದನ್ನು ಸರಿಪಡಿಸುವಂತೆ ಸಕ್ಷಮ ಪ್ರಾಧಿಕಾರಕ್ಕೆ ವರದಿ ಕಳಿಸುತ್ತಾರೆ (ಪ್ರಕರಣ 12). ‘ಶಿಫಾರಸು ಮಾಡಬೇಕೆಂದು ಕೋರುತ್ತೇನೆ’ ಎಂಬುದೇ ಸರಿಯಾದ ಮಾತು.

ಇನ್ನು ವಿಳಾಸದ ಜಾಗದಲ್ಲಿ ‘ಒಂಬುಡ್ಸ್‌ಮನ್’ ಬೇಡ. ಆಡಳಿತದ ಮೇಲಿನ ಜನರ ದೂರು ವಿಚಾರಿಸಲು 1809ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಹುದ್ದೆಯ ಹೆಸರದು. ಲೋಕಾಯುಕ್ತವೂ ಅದೇ ಕುಲದ್ದು, ನಿಜ. ಆದರೆ ನಮ್ಮ ಪಂಚಾಯಿತಿಗಳಲ್ಲಿ ಒಂಬುಡ್ಸ್‌ಮನ್ ಎಂದರೆ ಉದ್ಯೋಗ ಖಾತರಿಯ ದೂರು ನೋಡುವವರು. ಖಾತೆಯ ದೂರು ಅವರ ಮೇಜಿಗೆ ಹೋದರೆ ಆ 6 ತಿಂಗಳಲ್ಲಿ ಒಂದಷ್ಟು ದಿನ ಅಲ್ಲೇ ಕಳೆದುಹೋಗುತ್ತದೆ.