ಹೊರಗಿನವರು ವಿಶ್ವವಿದ್ಯಾಲಯದ ಉಪನ್ಯಾಸ ಕೇಳೋಕೆ ಹೋಗಬಹುದಾ? (ಕೊಪ್ಪಳ)

ಗೊಬ್ಬರದಂಗಡಿ, ಕೊಪ್ಪಳ:

ಎಲ್ಲರಿಗೂ ನಮಸ್ಕಾರ. ನನ್ನದು ಕೊಪ್ಪಳದಲ್ಲಿ ಬೀಜ-ಗೊಬ್ಬರದ ಅಂಗಡಿ. ವಯಸ್ಸು 53. ಬಿ.ಎ.ನಲ್ಲಿ ಇತಿಹಾಸ ಓದಿದ್ದೆ. ಆಮೇಲೆ ಓದಿದ್ದೆಲ್ಲ ಯೂರಿಯಾ ಚೀಲದ ಮೇಲಿನ ಅಕ್ಷರ ಮಾತ್ರ. ಹಿಂಗಾರಿ ಬಿತ್ತನೆ ಮುಗಿದರೆ ಅಂಗಡಿಯಲ್ಲಿ ಸ್ವಲ್ಪ ಬಿಡುವು ಸಿಗುತ್ತೆ.

ಹೋದ ತಿಂಗಳು ಒಂದು ಕಡೆ ಅಶೋಕನ ಶಾಸನಗಳ ಬಗ್ಗೆ ವಿಶೇಷ ಉಪನ್ಯಾಸ ಇತ್ತು. ಸಂಸ್ಥೆ ಹೆಸರು ಬೇಡ ಬಿಡಿ. ನಮ್ಮ ಗಿರಾಕಿಯೊಬ್ಬರ ಮಗ ಅಲ್ಲಿ ಎಂ.ಎ. ಓದುತ್ತಾನೆ. ಅವನ ಮೊಬೈಲಿಗೆ ಆಹ್ವಾನ ಪತ್ರಿಕೆ ಬಂದಿತ್ತು, ಅದಕ್ಕೇ ನನಗೆ ಗೊತ್ತಾಯಿತು. ಗವಿಮಠದ ಬೆಟ್ಟ ನಮ್ಮ ಮಾಳಿಗೆಯಿಂದ ಕಾಣುತ್ತೆ. ಪ್ರತಿ ವರ್ಷ ಜಾತ್ರೆಗೆ ಹೋಗುತ್ತೇವೆ, ತೇರಿಗೆ ಉತ್ತತ್ತಿ ಎಸೆಯುತ್ತೇವೆ. ಆದರೆ ಆ ಬೆಟ್ಟದ ಬಂಡೆ ಮೇಲೆ ಏನು ಬರೆದಿದೆ ಅಂತ ಮಗಳು ಕೇಳಿದರೆ ‘ಅಶೋಕಂದು’ ಅಂತಷ್ಟೇ ಹೇಳಿ ಜಾರಿಕೊಳ್ಳುವ ಗಿರಾಕಿ ನಾನು. ಅದಕ್ಕೇ ಅಂಗಡಿ ಹುಡುಗನಿಗೆ ಒಪ್ಪಿಸಿ ಹೋದೆ.

ಗೇಟಿನಲ್ಲಿ ಕಾವಲುಗಾರ ‘ಯಾವ ಡಿಪಾರ್ಟ್‌ಮೆಂಟು ಸರ್?’ ಅಂತ ಕೇಳಿದ. ಬಾಯಿತಪ್ಪಿ ‘ಗೊಬ್ಬರ’ ಅಂದೆ. ಕೃಷಿ ವಿಶ್ವವಿದ್ಯಾಲಯದವರು ಅಂದುಕೊಂಡನೋ ಏನೋ, ಸಲಾಂ ಹೊಡೆದು ಒಳಗೆ ಬಿಟ್ಟ.

10.30ಕ್ಕೆ ಅಂತ ಇತ್ತು. ಶುರುವಾಗಿದ್ದು 11.40ಕ್ಕೆ. ಪ್ರಾರ್ಥನೆ, ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ, ಗಿಡಕ್ಕೆ ನೀರು. ವೇದಿಕೆ ಮೇಲೆ ಒಂಬತ್ತು ಜನ, ಒಂಬತ್ತೂ ಜನಕ್ಕೆ ಶಾಲು. ಉದ್ಘಾಟಕರು ಉದ್ಘಾಟನೆ ಅಂದರೇನು ಅಂತ ಹದಿನೈದು ನಿಮಿಷ ಮಾತಾಡಿದರು. ಉಪನ್ಯಾಸಕರ ಕೈಗೆ ಮೈಕು ಸಿಕ್ಕಾಗ 12.50. 1.15ಕ್ಕೆ ಅವರ ಮುಂದೆ ಚೀಟಿ ಬಂತು.

ಆ 25 ನಿಮಿಷ ಮಾತ್ರ ನಿಜವಾಗಿಯೂ ಚೆನ್ನಾಗಿತ್ತು. ನಮ್ಮ ಶಾಸನದಲ್ಲಿ ರಾಜ ತನ್ನ ಕತೆ ತಾನೇ ಹೇಳುತ್ತಾನಂತೆ. ನಾನು ಉಪಾಸಕನಾಗಿ (ಅಂದರೆ ಬುದ್ಧನ ಗೃಹಸ್ಥ ಅನುಯಾಯಿಯಾಗಿ) ಎರಡೂವರೆ ವರ್ಷದ ಮೇಲಾಯಿತು, ಮೊದಲು ಅಷ್ಟೇನೂ ಶ್ರದ್ಧೆ ಇರಲಿಲ್ಲ, ಬೌದ್ಧ ಸಂಘದ ಹತ್ತಿರ ಬಂದ ಮೇಲೆ ಚೆನ್ನಾಗಿ ಪ್ರಯತ್ನ ಪಟ್ಟೆ, ಇದು ದೊಡ್ಡವರಿಗಷ್ಟೇ ಆಗುವಂಥದ್ದಲ್ಲ, ಸಣ್ಣವರೂ ಮನಸ್ಸು ಮಾಡಿದರೆ ಆಗುತ್ತೆ ಅಂತ. ರಾಜನೊಬ್ಬ ‘ಮೊದಮೊದಲು ನಾನೂ ಸೋಮಾರಿಯಾಗಿದ್ದೆ’ ಅಂತ ಕಲ್ಲಿನಲ್ಲಿ ಬರೆಸೋದು ಅಂದರೆ ಸುಮ್ನೆ ಮಾತಲ್ಲ.

ನನಗೊಂದು ಪ್ರಶ್ನೆ ಇತ್ತು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ ಅಂದರು. ಆಗ ನಮ್ಮ ಕಡೆಯ ಕುರಿಗಾಹಿಗೋ ಒಕ್ಕಲಿಗನಿಗೋ ಪ್ರಾಕೃತ ಬರ್ತಿತ್ತಾ? ಬರದಿದ್ದರೆ ಬೆಟ್ಟದ ಮೇಲೆ ಯಾರಿಗೋಸ್ಕರ ಕೆತ್ತಿಸಿದರು? ಕೈ ಎತ್ತಿದೆ. ‘ಊಟದ ಸಮಯವಾದ್ದರಿಂದ ಸಂವಾದ ಇರುವುದಿಲ್ಲ’ ಅಂದರು. ಊಟಕ್ಕೆ ಕೂಪನ್ ಬೇಕಿತ್ತು, ನನ್ನ ಹತ್ತಿರ ಇರಲಿಲ್ಲ. ಬಸ್‌ಸ್ಟ್ಯಾಂಡ್ ಹತ್ತಿರ ಮಂಡಾಳ ಒಗ್ಗರಣಿ, ಎರಡು ಮಿರ್ಚಿ ತಿಂದು ಅಂಗಡಿಗೆ ಬಂದೆ.

ನನ್ನಂಥ ಹೊರಗಿನವರು ಇಂಥದ್ದಕ್ಕೆಲ್ಲ ಹೋಗಬಹುದಾ? ಎಲ್ಲಿ ಏನು ನಡೆಯುತ್ತೆ ಅಂತ ಹೇಗೆ ಗೊತ್ತಾಗುತ್ತೆ? ಆ ಪ್ರಾಕೃತದ ಪ್ರಶ್ನೆಗೆ ಇಲ್ಲಿ ಯಾರಾದರೂ ಉತ್ತರ ಕೊಟ್ಟರೂ ಸಂತೋಷ.

ಮುಗಿಯದ ಪ್ರಬಂಧ:

ಅಣ್ಣಾರೇ, ‘ಗೊಬ್ಬರ’ ಅಂದಿದ್ದು ಓದಿ ಹಾಸ್ಟೆಲ್‌ನಲ್ಲಿ ಎಲ್ಲರಿಗೂ ಹೇಳಿದೆ. ನಾನು ಸಂಶೋಧನಾ ವಿದ್ಯಾರ್ಥಿ. ಇಂಥ ಕಾರ್ಯಕ್ರಮಗಳಲ್ಲಿ ಕುರ್ಚಿ ಹಾಕುವವರು, ಚೀಟಿ ಕೊಡುವವರು ನಾವೇ. ಆ ಪಾಪದಲ್ಲಿ ನನಗೂ ಪಾಲಿದೆ.

ಹೋಗಬಹುದು, ಖಂಡಿತ. ಆದರೆ ಎಲ್ಲವೂ ಒಂದೇ ಥರ ಅಲ್ಲ. ವಿಚಾರ ಸಂಕಿರಣ ಅಂದರೆ ನೋಂದಣಿ ಶುಲ್ಕ ಇರುತ್ತೆ. ಅಲ್ಲಿಗೆ ಬರುವವರಲ್ಲಿ ಜಾಸ್ತಿ ಜನಕ್ಕೆ ಬೇಕಾಗಿರೋದು ಪ್ರಮಾಣಪತ್ರ. ವಿಶೇಷ ಉಪನ್ಯಾಸಕ್ಕೆ ದುಡ್ಡು ಕೊಡಬೇಕಿಲ್ಲ. ದತ್ತಿ ಉಪನ್ಯಾಸ ನಿಮಗೆ ಸರಿಹೋಗಬಹುದು. ಯಾರೋ ತಂದೆ-ತಾಯಿ ಹೆಸರಲ್ಲಿ ಇಟ್ಟ ಠೇವಣಿಯ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಅದು ನಡೆಯಲೇಬೇಕು. ಕನ್ನಡ ಸಾಹಿತ್ಯ ಪರಿಷತ್ತಿನವರೂ ತಾಲ್ಲೂಕು ಮಟ್ಟದಲ್ಲಿ ಮಾಡುತ್ತಾರೆ. ಬಡ್ಡಿ ಕಡಿಮೆ ಇರೋದರಿಂದ ಶಾಲೂ ಕಡಿಮೆ!

ಗೊತ್ತಾಗಬೇಕು ಅಂದರೆ ವಿಭಾಗದ ಮುಖ್ಯಸ್ಥರನ್ನು ಒಮ್ಮೆ ನೇರವಾಗಿ ಕಂಡು ನಂಬರ್ ಕೊಟ್ಟು ಬನ್ನಿ. ಊರಿನವರೊಬ್ಬರು ತಾವಾಗಿಯೇ ಬಂದರು ಅಂದರೆ ಅವರಿಗೆ ಆಶ್ಚರ್ಯವೇ ಆಗುತ್ತೆ. ಉದ್ಘಾಟನೆಗೆ ಹೋಗಬೇಡಿ, ಎರಡನೇ ಗೋಷ್ಠಿಗೆ ಹೋಗಿ. ಆಗ ಗಣ್ಯರು ಹೊರಟಿರುತ್ತಾರೆ, ಮಾತು ಶುರುವಾಗುತ್ತೆ.

ಇನ್ನು ನಿಮ್ಮ ಪ್ರಶ್ನೆ. ಆಗ ಇಲ್ಲಿನ ಜನ ಏನು ಮಾತಾಡುತ್ತಿದ್ದರು ಅಂತ ಬರಹದಲ್ಲಿ ಸಿಕ್ಕಿಲ್ಲ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ ಹಲ್ಮಿಡಿ ಶಾಸನವೇ ಅಶೋಕನಿಗಿಂತ ಸುಮಾರು ಏಳುನೂರು ವರ್ಷ ಈಚಿನದು. ಆದರೆ ಬಳ್ಳಾರಿ ದಾಟಿ ಗುತ್ತಿ ಕಡೆ ಹೋದರೆ ಕರ್ನೂಲು ಜಿಲ್ಲೆಯಲ್ಲಿ ಎರ್ರಗುಡಿ ಅಂತಿದೆ. ಅಲ್ಲಿ ನಮ್ಮ ಗವಿಮಠದ ಮಾತಿನ ಜೊತೆಗೆ ಇನ್ನೊಂದು ಆದೇಶವೂ ಇದೆ. ರಜ್ಜುಕ ಅನ್ನೋ ಅಧಿಕಾರಿಗೆ ಅಪ್ಪಣೆ ಮಾಡಿ, ಅವನು ಭೇರಿ ಬಾರಿಸಿ ಹಳ್ಳಿಗಾಡಿನ ಜನಕ್ಕೆ ಸಾರಲಿ ಅಂತ. ಆನೆ ಸವಾರರು, ಲಿಪಿಕಾರರು, ಬ್ರಾಹ್ಮಣ ಗುರುಗಳು ಇದನ್ನು ತಮ್ಮ ಶಿಷ್ಯರಿಗೂ ಕಲಿಸಬೇಕು ಅಂತಲೂ ಇದೆ. (ಅಲ್ಲಿ ಕೆಲವು ಸಾಲು ಎಡದಿಂದ ಬಲಕ್ಕೆ, ಕೆಲವು ಬಲದಿಂದ ಎಡಕ್ಕೆ. ಓದೋಕೆ ಕೂತರೆ ಕುತ್ತಿಗೆ ಹೋಗುತ್ತೆ.) ಅಂದರೆ ಕಲ್ಲು ಬರೀ ದಾಖಲೆ, ಕೆಲಸ ಆಗುತ್ತಿದ್ದದ್ದು ಬಾಯಲ್ಲಿ. ಡಂಗುರದವನು ಯಾವ ಭಾಷೆಯಲ್ಲಿ ಹೇಳಿದ ಅಂತ ಕಲ್ಲು ಹೇಳಲ್ಲ. ಜನಕ್ಕೆ ತಿಳಿಯೋ ಮಾತಲ್ಲೇ ಹೇಳಿರಬೇಕು ಅನ್ನೋದು ನನ್ನ ಊಹೆ, ಅಷ್ಟೇ.

ಲಿಂಗಸುಗೂರು ನಿವೃತ್ತ ಮೇಷ್ಟ್ರು:

ತಮ್ಮಾ, ನಾನು ಹುಡುಗನಾಗಿದ್ದಾಗ ನಮ್ಮ ರಾಯಚೂರು ಕಡೆಗೆಲ್ಲ ಧಾರವಾಡವೇ ವಿಶ್ವವಿದ್ಯಾಲಯ. ಗುಲ್ಬರ್ಗಕ್ಕೆ ವಿಶ್ವವಿದ್ಯಾಲಯ ಬಂದಿದ್ದು 1980ರಲ್ಲಿ. ಆಗ ಧಾರವಾಡದವರು ಊರೂರಿಗೆ ಪ್ರಾಧ್ಯಾಪಕರನ್ನು ಕಳಿಸುತ್ತಿದ್ದರು. ಆಮೇಲೆ ಅದೇ ಉಪನ್ಯಾಸ ಜೇಬಿನಲ್ಲಿ ಹಿಡಿಯುವಷ್ಟು ಸಣ್ಣ ಪುಸ್ತಕವಾಗಿ ಬರುತ್ತಿತ್ತು. ಉಪನ್ಯಾಸ ಗ್ರಂಥಮಾಲೆ ಅಂತ. ಮೈಸೂರಿನವರು ಇದನ್ನು ಇನ್ನೂ ಮೊದಲೇ ಶುರುಮಾಡಿದ್ದರು, ಪ್ರಚಾರೋಪನ್ಯಾಸ ಅಂತ. ಪ್ರಸಾರಾಂಗ ಅನ್ನೋ ವಿಭಾಗ ಇರೋದೇ ಈ ಕೆಲಸಕ್ಕೆ. ಈಗ ಅದು ಪುಸ್ತಕ ಮಾರೋ ಕೌಂಟರ್ ಅಂತ ಮಾತ್ರ ಜನಕ್ಕೆ ಗೊತ್ತು.

ನಮ್ಮೂರ ಶಾಲೆ ಅಂಗಳದಲ್ಲಿ ಒಮ್ಮೆ ಹೀಗೆ ಒಬ್ಬರು ಬಂದಿದ್ದರು. ಪೆಟ್ರೋಮ್ಯಾಕ್ಸ್ ದೀಪ, ಜಮಖಾನೆ, ಮೈಕಿಲ್ಲ. ಮಸ್ಕಿ ಶಾಸನದ ಬಗ್ಗೆ ಹೇಳಿದರು. 1915ರಲ್ಲಿ ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್ ಕಣ್ಣಿಗೆ ಬಿತ್ತು, ಅಲ್ಲಿಯವರೆಗೆ ಸಿಕ್ಕಿದ್ದ ಕಲ್ಲುಗಳಲ್ಲೆಲ್ಲ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಅನ್ನೋ ಬಿರುದಷ್ಟೇ ಇತ್ತು, ಇಲ್ಲಿ ‘ಅಶೋಕ’ ಅಂತ ಹೆಸರೇ ಸಿಕ್ಕಿತು ಅಂತ. ಮುದುಕಪ್ಪ ಒಬ್ಬ ಎದ್ದು ನಿಂತು ‘ಹಂಗಾರ ಬಂಗಾರ ಸಿಕ್ಕತೇನ್ರಿ ಅವಗ?’ ಅಂದ. ಪ್ರಾಧ್ಯಾಪಕರು ನಗಲಿಲ್ಲ. ಕೂತುಕೊಂಡು ಹಟ್ಟಿ ಗಣಿಯ ಕತೆ ಹೇಳಿದರು, ರಾತ್ರಿ ಹನ್ನೊಂದಾಯಿತು. ಆಮೇಲೆ ಬಳ್ಳಾರಿ ಕಡೆ ನಿಟ್ಟೂರು, ಉಡೇಗೋಳಂನಲ್ಲೂ ಅಶೋಕನ ಹೆಸರು ಸಿಕ್ಕಿತು ಅನ್ನಿ.

ಕೋಟೆ ಏರಿಯಾ, ಬಳ್ಳಾರಿ:

ಸರ್, ಇನ್ನೊಂದು ತೊಂದರೆ ಯಾರೂ ಹೇಳಲಿಲ್ಲ. ಎಲ್ಲಾ ಕಾರ್ಯಕ್ರಮ ವಾರದ ದಿನ, ಬೆಳಿಗ್ಗೆ 11ಕ್ಕೆ. ಕೆಲಸಕ್ಕೆ ಹೋಗೋ ನನ್ನಂಥವರು ಹೇಗೆ ಬರಬೇಕು? ನಾಟಕ ಸಂಜೆ ಇಡುತ್ತಾರೆ, ಅದಕ್ಕೇ ಜನ ಬರುತ್ತಾರೆ. ಹಂಪಿ ಕನ್ನಡ ವಿಶ್ವವಿದ್ಯಾಲಯದ ನುಡಿಹಬ್ಬವೂ (ಅವರ ಘಟಿಕೋತ್ಸವ) ಸಂಜೆಯೇ ಅಲ್ವಾ.

ನಾವು ನಾಲ್ಕೈದು ಜನ ಹೆಂಗಸರು ಒಂದು ದಾರಿ ಮಾಡಿಕೊಂಡಿದ್ದೇವೆ. ಭಾನುವಾರ ಬೆಳಿಗ್ಗೆ ಆರಕ್ಕೆ, ಗೊತ್ತಿರೋ ಒಬ್ಬ ಮೇಡಂ ಜೊತೆ ಜಾಗಕ್ಕೇ ಹೋಗೋದು. ಮೊದಲು ಇಲ್ಲೇ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡ. ಅಲ್ಲಿ ಕಪ್ಪು ಬಂಡೆಗೆ ಸಣ್ಣ ಕಲ್ಲಿಂದ ಬಡಿದರೆ ಗಂಟೆ ಥರ ಸದ್ದು ಬರುತ್ತೆ. ಹೊಸ ಶಿಲಾಯುಗದವರು ಬಡಿದು ಬಡಿದು ಆದ ಕುಳಿಗಳು ಹಾಗೇ ಇವೆ. (ನಾವು ಬಡಿಯಲಿಲ್ಲ, ಮೇಡಂ ಬೆರಳ ಗೆಣ್ಣಲ್ಲಿ ತಟ್ಟಿ ತೋರಿಸಿದರು.) ನನ್ನ ಅತ್ತೆಯವರು ಶಾಲೆ ಮೆಟ್ಟಿಲು ಹತ್ತಿದವರಲ್ಲ. ಬೂದಿದಿಬ್ಬ ಅಂದರೆ ಸಾವಿರಾರು ವರ್ಷ ಹಿಂದಿನ ದನದ ಸಗಣಿ ಸುಟ್ಟಿದ್ದು ಅಂದಾಗ ಅವರು ಕೇಳಿದ್ದು: ‘ಕುಳ್ಳು ತಟ್ಟಿ ಒಲೆಗೆ ಹಾಕೋದು ಬಿಟ್ಟು ಹಂಗೇ ಯಾಕೆ ಸುಟ್ಟರು?’ ಮೇಡಂ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಗೊಬ್ಬರದಂಗಡಿ, ಕೊಪ್ಪಳ:

ಎಲ್ಲರಿಗೂ ಧನ್ಯವಾದ. ಅಕ್ಕಾರ ಮಾತು ಕೇಳಿ ನಿನ್ನೆ ಮಗಳನ್ನು ಕರಕೊಂಡು ಬೆಟ್ಟ ಹತ್ತಿದೆ. ಅಕ್ಷರ ಒಂದೂ ತಿಳಿಯಲಿಲ್ಲ, ಆದರೆ ಏನು ಹೇಳಿದೆ ಅಂತ ಈ ಸಲ ಹೇಳಿದೆ. ‘ರಾಜನೂ ಲೇಟಾಗಿ ಶುರುಮಾಡಿದ್ನಾ ಅಪ್ಪಾ’ ಅಂದಳು. ಅವಳ ಪರೀಕ್ಷೆ ಮುಂದಿನ ತಿಂಗಳಿದೆ, ಆ ಮಾತು ಯಾಕೆ ಬಂತು ಅಂತ ನನಗೆ ಗೊತ್ತು.

ಮುಗಿಯದ ಪ್ರಬಂಧದವರು ಹೇಳಿದ ಹಾಗೆ ವಿಭಾಗಕ್ಕೂ ಹೋಗಿದ್ದೆ. ಮುಂಗಾರು ಮಾಲು ಬರೋವರೆಗೆ ನನ್ನ ಗೋದಾಮು ಖಾಲಿ ಇರುತ್ತೆ, ಒಂದು ಭಾನುವಾರ ಸಂಜೆ ಪಾಲ್ಕಿಗುಂಡು ಶಾಸನದ (ಅದೂ ನಮ್ಮ ಕೊಪ್ಪಳದ್ದೇ, ಅಶೋಕಂದೇ) ಬಗ್ಗೆ ಅಲ್ಲೇ ಮಾತಾಡಿ ಅಂತ ಕೇಳಿದೆ. ‘ವೇದಿಕೆ ಇದೆಯಾ?’ ಅಂದರು. ಇಲ್ಲ, ಚೀಲ ಇದೆ ಅಂದೆ. ನಕ್ಕು ಒಪ್ಪಿದ್ದಾರೆ. ದಿನ ಗೊತ್ತಾದ ಮೇಲೆ ಡಿ.ಎ.ಪಿ. ಗೊಬ್ಬರ ಬಂದಾಗ ಕೂಗಿಸೋ ಆಟೋದವನಿಗೇ ಮೈಕು ಕಟ್ಟಿಸಿ ಓಣಿ ಓಣಿಗೆ ಸಾರಿಸುತ್ತೇನೆ. ಇಲ್ಲೂ ಹಾಕುತ್ತೇನೆ. ಮೇಷ್ಟ್ರೇ, ಲಿಂಗಸುಗೂರಿನಿಂದ ರಾತ್ರಿ ವಾಪಸ್ ಬಸ್ ಸಿಗದಿದ್ದರೆ ನಮ್ಮ ಮನೇಲೇ ಉಳಿದುಕೊಳ್ಳಿ.