ಅಳತೆ ಮೊದಲೇ ತೆಗೆದಿರುತ್ತಾರಲ್ವಾ, ಕೊನೇ ಗಳಿಗೆಯಲ್ಲಿ ಸ್ಪೇಸ್ ಸೂಟ್ ಮತ್ತೆ ಯಾಕೆ ಹಾಕಿ ನೋಡುತ್ತಾರೆ?

ತೀರ್ಥಹಳ್ಳಿ ಮೇಷ್ಟ್ರು:
ತೀರ್ಥಹಳ್ಳಿ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. 2025ರ ಜೂನ್ 25ಕ್ಕೆ ಶುಭಾಂಶು ಶುಕ್ಲಾ ಹೊರಟಾಗ ಮಳೆಗೆ ಕರೆಂಟ್ ಹೋಗಿ, ಮಕ್ಕಳೆಲ್ಲ ಒಂದೇ ಮೊಬೈಲಿಗೆ ಮುಗಿಬಿದ್ದು ನೋಡಿದ್ದರು. ಮೊನ್ನೆ ರಷ್ಯಾದ ಸೋಯುಜ್ ನೌಕೆಯ ತಯಾರಿಯ ವಿಡಿಯೋ ತೋರಿಸಿದೆ. ಕಜಕಸ್ತಾನದ ಬೈಕೊನೂರು ಉಡಾವಣಾ ಕೇಂದ್ರದಲ್ಲಿ ಉಡಾವಣೆಗೆ ಕೆಲವೇ ದಿನ ಇರುವಾಗ ಸೂಟ್ ಹಾಕಿಕೊಂಡು, ಮಂಡಿ ಮಡಚಿ, ಸೀಟಿನಲ್ಲಿ ಅಂಗಾತ ಮಲಗಿರುತ್ತಾರೆ. "ಅವರವರ ಅಳತೆಗೇ ಹೊಲಿದದ್ದಲ್ವಾ ಸಾರ್, ಮತ್ತೆ ಯಾಕೆ?" ಅಂತ ಒಬ್ಬ ಹುಡುಗಿ ಕೇಳಿದಳು. ಅವಳಿಗೆ ಸರಿಯಾದ ಉತ್ತರ ಕೊಡಬೇಕು.

ಸಾಗರದವ:
ಒಳ್ಳೇ ಪ್ರಶ್ನೆ. ನಿಂತಾಗ ಸರಿಹೋದರೆ ಸಾಲದು ಮೇಷ್ಟ್ರೇ. ಸೋಯುಜ್‌ನಲ್ಲಿ ಹಾಕುವ ಈ ಸೊಕೊಲ್ ಸೂಟ್ ಇರುವುದೇ ಮಲಗಿದ ಭಂಗಿಗೆ, ಅದಕ್ಕೇ ಅದನ್ನು ಹಾಕಿಕೊಂಡು ನಡೆಯುವವರು ಬೆನ್ನು ಬಗ್ಗಿಸಿಕೊಂಡೇ ಹೋಗುತ್ತಾರೆ. ಒಳಗೆ ಒತ್ತಡ ಏರಿಸಿದರೆ ತುಂಗೆಯಲ್ಲಿ ಹುಡುಗರು ತೇಲಿಬಿಡುವ ಟ್ರ್ಯಾಕ್ಟರ್ ಟ್ಯೂಬಿನ ಹಾಗೆ ಬಿಗಿಯಾಗಿಬಿಡುತ್ತದೆ. ಮೊಣಕೈ ಮಡಚುವುದಕ್ಕೂ ಬಲ ಹಾಕಬೇಕು. ಬೆರಳು ಗ್ಲೌಸಿನ ತುದಿ ಮುಟ್ಟುತ್ತದಾ, ಭುಜ ಒತ್ತುತ್ತದಾ, ಬೆನ್ನಿನ ಕೆಳಗೆ ಮಡಿಕೆ ಸಿಕ್ಕಿಕೊಂಡಿದೆಯಾ ಅನ್ನುವುದು ಆವಾಗಲೇ ಗೊತ್ತಾಗುವುದು.

ಸೀಟೂ ಹಾಗೇ. ಪ್ರತಿಯೊಬ್ಬರ ಮೈಯಚ್ಚನ್ನು ಜಿಪ್ಸಂನಲ್ಲಿ ತೆಗೆದು ಒಳಪದರ ಮಾಡುತ್ತಾರೆ. ತಲೆಯ ಕಡೆ ಸ್ವಲ್ಪ ಜಾಗ ಬಿಡುತ್ತಾರೆ, ಯಾಕಂದರೆ ಭಾರವಿಲ್ಲದ ಕಡೆ ಬೆನ್ನುಮೂಳೆ ಹಿಗ್ಗಿ ಎತ್ತರ ಶೇ. 3ರವರೆಗೂ ಜಾಸ್ತಿಯಾಗಬಹುದು. ಹೋಗುವಾಗ ಹಿಡಿಸಿದ ಸೀಟು ವಾಪಸ್ ಬರುವಾಗಲೂ ಹಿಡಿಸಬೇಕಲ್ಲ, ನೆಲಕ್ಕೆ ಇಳಿಯುವಾಗಿನ ಏಟು ಬೆನ್ನಿಗೆ ತಾಗದ ಹಾಗೆ ಕಾಯುವುದರಲ್ಲಿ ಅದರ ಪಾಲು ದೊಡ್ಡದು.

ಆಗುಂಬೆ ಮಳೆ:
ಸೋರಿಕೆ ಪರೀಕ್ಷೆಯನ್ನೂ ಹೇಳಿ. 1971ರಲ್ಲಿ ಸೋಯುಜ್ 11 ವಾಪಸ್ ಬರುವಾಗ ಒಂದು ವಾಲ್ವ್ ತೆರೆದುಕೊಂಡು ಗಾಳಿಯೆಲ್ಲ ಹೊರಗೆ ಹೋಯಿತು. ಮೂವರೂ ತೀರಿಕೊಂಡರು. ಒಬ್ಬರ ಮೈಮೇಲೂ ಸೂಟ್ ಇರಲಿಲ್ಲ. ಸೊಕೊಲ್ ಬಂದದ್ದು ಅದಾದ ಮೇಲೆ, 1973ರ ಸೋಯುಜ್ 12ರಿಂದ. ಈಗ ಹೊರಡುವ ದಿನವೂ ಗಾಳಿ ತುಂಬಿ, ಎಲ್ಲೂ ಸೋರುತ್ತಿಲ್ಲ ಅಂತ ನೋಡಿಯೇ ಕಳಿಸುತ್ತಾರೆ. ಮಕ್ಕಳಿಗೆ ಇದನ್ನು ಬಿಡದೆ ಹೇಳಬೇಕು ಅಂತ ನನಗನಿಸುತ್ತದೆ.

ಹೊಸನಗರದಾಕೆ:
ಬಾಹ್ಯಾಕಾಶ ನಿಲ್ದಾಣದ ಹೊರಗೆ ನಡೆಯುವಾಗ ಹಾಕುವ ಸೂಟಿನದು ಬೇರೆಯೇ ಕಥೆ. ನಾಸಾ ಗಗನಯಾತ್ರಿ ಆ್ಯನ್ ಮೆಕ್ಲೇನ್ ಭೂಮಿಯ ಮೇಲೆ ಮೀಡಿಯಂ, ಲಾರ್ಜ್ ಎರಡರಲ್ಲೂ ಅಭ್ಯಾಸ ಮಾಡಿದ್ದರು. ಮೇಲೆ ಹೋದಮೇಲೆ, 2019ರ ಮಾರ್ಚಿನಲ್ಲಿ ಒಂದು ಸಲ ಹೊರಗೆ ಕೆಲಸ ಮಾಡಿದಾಗ ಮೀಡಿಯಂ ಎದೆಭಾಗವೇ ಸರಿ ಅಂತ ಗೊತ್ತಾಯಿತು. ಆ ಸೈಜಿನದು ತಯಾರಿದ್ದದ್ದು ಒಂದೇ. ಅದು ಕ್ರಿಸ್ಟಿನಾ ಕೋಕ್‌ಗೆ ಹೋಯಿತು, ಮೆಕ್ಲೇನ್ ಜಾಗಕ್ಕೆ ನಿಕ್ ಹೇಗ್ ಬಂದರು. ಇಬ್ಬರೂ ಹೆಂಗಸರೇ ಹೊರಗೆ ಹೋಗುವ ಮೊದಲ ನಡಿಗೆ ಅಕ್ಟೋಬರ್ 18ರ ತನಕ ಕಾಯಬೇಕಾಯಿತು. ಅಷ್ಟು ಅಭ್ಯಾಸ ಆದಮೇಲೂ ಮೈ ಅಲ್ಲಿ ಬೇರೆ ಥರ ಇರುತ್ತದೆ ನೋಡಿ.

ತೀರ್ಥಹಳ್ಳಿ ಮೇಷ್ಟ್ರು:
ಎಲ್ಲರಿಗೂ ಥ್ಯಾಂಕ್ಸ್. ಸೋಮವಾರ ಆ ಹುಡುಗಿಯನ್ನೇ ಜಮಖಾನೆ ಮೇಲೆ ಮಲಗಿಸಿ, ಕಾಲು ಬೆಂಚಿನ ಮೇಲೆ ಇಡಿಸಿ, ದಪ್ಪ ಗ್ಲೌಸ್ ಕೊಟ್ಟು ಗೋಡೆಯ ಸ್ವಿಚ್ ಒತ್ತಲು ಹೇಳುತ್ತೇನೆ. ಸೋಯುಜ್‌ನಲ್ಲಿ ಕೈ ಎಟುಕದ ಬಟನ್ ಒತ್ತಲು ಕೋಲು ಇಟ್ಟುಕೊಂಡಿರುತ್ತಾರೆ ಅಂತ ಓದಿದ್ದೆ, ಒಂದು ಕೋಲೂ ಕೊಡುತ್ತೇನೆ.